ಹಳೆ ಹೋಂಡಾ ಸಿಟಿಗೆ ದೊಡ್ಡ ವಿಂಗ್ ಬೇಕಾ? ಮೊದಲು ಕಾರಿನ ಅಡಿಗೆ ಬಗ್ಗಿ ನೋಡಿ

ಪ್ರಶ್ನೆ: "ನನ್ನ ಹತ್ತಿರ 2001ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಅಪ್ಪ ಹೊಸದಾಗಿ ಕೊಂಡಿದ್ದ ಕಾರು. ವಾರವೆಲ್ಲಾ ಬೆಂಗಳೂರಿನಲ್ಲಿ ಆಫೀಸಿಗೆ ಇದರಲ್ಲೇ ಹೋಗುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಟ್ರ್ಯಾಕಿಗೋ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಒಯ್ಯುತ್ತೇನೆ. ಚೆನ್ನೈನಲ್ಲಿ 130 ದಾಟಿದ ಮೇಲೆ ಕಾರಿನ ಹಿಂಭಾಗ ತೇಲಿದ ಹಾಗಾಗುತ್ತದೆ. ವೇಗದ ತಿರುವಿನಲ್ಲಿ ಧೈರ್ಯ ಬರಲ್ಲ. ಮೂರು ಲ್ಯಾಪ್ ಆದರೆ ಟೆಂಪರೇಚರ್ ಮುಳ್ಳೂ ಮೇಲೇರುತ್ತದೆ. ಒಂದು ಆಕ್ಸೆಸರಿ ಅಂಗಡಿಯಲ್ಲಿ ಜಿಟಿ ವಿಂಗ್ (ಡಿಕ್ಕಿ ಮೇಲೆ ನಿಲ್ಲಿಸುವ ದೊಡ್ಡ ರೆಕ್ಕೆ), ಸ್ಪ್ಲಿಟರ್ (ಮುಂದಿನ ಬಂಪರ್ ಅಡಿಯಿಂದ ಚಾಚುವ ಹಲಗೆ), ಡಿಫ್ಯೂಸರ್ (ಹಿಂದಿನ ಬಂಪರ್ ಅಡಿ ಗಾಳಿ ಹೊರಬಿಡುವ ಭಾಗ) ಎಲ್ಲಾ ಸೇರಿಸಿ ಕಿಟ್ ಹಾಕಿಸಿ, ಕಾರು ನೆಲಕ್ಕೆ ಅಂಟಿಕೊಳ್ಳುತ್ತೆ ಅಂದರು. ಇನ್ನೊಬ್ಬ ಗೆಳೆಯ ಅದೆಲ್ಲಾ ದಂಡ, ಡಿಕ್ಕಿಯಲ್ಲಿ 25 ಕೆಜಿ ಅಕ್ಕಿ ಮೂಟೆ ಇಟ್ಕೊ ಸಾಕು ಅನ್ನುತ್ತಾನೆ. ಬಾನೆಟ್ಟಿನ ಹಿಂದೆ ವಾಷರ್ ಕೊಟ್ಟು ಎತ್ತಿದರೆ ಬಿಸಿ ಹೊರಗೆ ಹೋಗುತ್ತೆ ಅಂತಲೂ ಹೇಳಿದರು. ಅಂದ ಹಾಗೆ, ಹಂಪ್ಸಿಗೆ ತಾಗುತ್ತೆ ಅಂತ ಹಿಂದೆ ಸ್ಪ್ರಿಂಗ್ ಬಫರ್ ಹಾಕಿಸಿದ್ದೇನೆ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಒಡೆದು ಹೋಗಿ ಎರಡು ವರ್ಷ ಆಯಿತು. ಏನು ಮಾಡಲಿ? ಡಿಕ್ಕಿ ಬಾಗಿಲಿಗೆ ತೂತು ಹೊಡೆಸಲಾ?"

ಉತ್ತರ: ನೀವು "ಅಂದ ಹಾಗೆ" ಎಂದು ಕೊನೆಯಲ್ಲಿ ಸೇರಿಸಿದ ಎರಡು ವಾಕ್ಯಗಳನ್ನು ನಾನು ಮತ್ತೆ ಮತ್ತೆ ಓದಿದೆ. ಹಿಂದೆ ಸ್ಪ್ರಿಂಗ್ ಬಫರ್ ಇದೆ, ಮುಂದೆ ಇಂಜಿನ್ ಕೆಳಗಿನ ಕವರ್ ಇಲ್ಲ. ನಿಮ್ಮ ತೊಂದರೆಯ ದೊಡ್ಡ ಪಾಲು ಅಲ್ಲೇ ಇದೆ ಅಂತ ನನ್ನ ಅನಿಸಿಕೆ. ವಿಂಗ್ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳಿ.

ಮೊದಲು ಒಂದು ಮಾತು. ಕಾರು ತೇಲಿದ ಹಾಗಾಗುವುದು ನಿಮ್ಮ ಭ್ರಮೆ ಅಲ್ಲ. ಕಾರಿನ ಮೇಲ್ಭಾಗ ಗುಮ್ಮಟದ ಹಾಗೆ ಉಬ್ಬಿರುತ್ತದೆ, ಕೆಳಭಾಗ ಹೆಚ್ಚುಕಡಿಮೆ ಚಪ್ಪಟೆ. ಮೇಲೆ ಹೋಗುವ ಗಾಳಿ ವೇಗ ಪಡೆಯುತ್ತದೆ, ವೇಗ ಪಡೆದ ಕಡೆ ಒತ್ತಡ ಇಳಿಯುತ್ತದೆ. ಕಾರು ಮೇಲಕ್ಕೆ ಎಳೆದಂತಾಗುತ್ತದೆ. ಇದನ್ನೇ ಲಿಫ್ಟ್ ಅನ್ನುವುದು. ನಿಮ್ಮ ಕಾಲದ ಸೆಡಾನ್‌ಗಳನ್ನು ಮೈಲೇಜ್, ಡಿಕ್ಕಿ ಜಾಗ, ನೋಟ ಇವನ್ನು ನೋಡಿ ಮಾಡಿದ್ದರು. 150ರಲ್ಲಿ ತಿರುವು ತೆಗೆದುಕೊಳ್ಳಲಿ ಅಂತ ಯಾರೂ ಯೋಚಿಸಿರಲಿಲ್ಲ.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ನೋಡಲು ಬಹಳ ಚೆಂದ, ಹಿಂಭಾಗ ಪೂರಾ ದುಂಡಗೆ. ಜರ್ಮನಿಯ ಆಟೋಬಾನ್‌ನಲ್ಲಿ ಅತಿ ವೇಗದಲ್ಲಿ ದಾರಿ ಬದಲಿಸುವಾಗ, ತಿರುಗುವಾಗ ಹಿಂಭಾಗ ಜಾರಿ ಅಪಘಾತಗಳಾದವು, ಸಾವುಗಳೂ ಆದವು. ಆಮೇಲೆ ಆಡಿ ಕಾರುಗಳನ್ನು ವಾಪಸ್ ಕರೆಸಿ ಡಿಕ್ಕಿಯ ತುದಿಗೆ ಒಂದು ಚಿಕ್ಕ ಸ್ಪಾಯ್ಲರ್ ಹಾಕಿತು. ಸಸ್ಪೆನ್ಷನ್ ಬದಲಿಸಿತು, ಇಎಸ್‌ಪಿಯನ್ನೂ (ಕಾರು ಜಾರುವಾಗ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಹಿಡಿಯುವ ವ್ಯವಸ್ಥೆ) ಸೇರಿಸಿತು. ಗಮನಿಸಿ, ಬರೀ ಸ್ಪಾಯ್ಲರ್ ಅಂಟಿಸಿ ಕೈ ತೊಳೆದುಕೊಳ್ಳಲಿಲ್ಲ. ಸಸ್ಪೆನ್ಷನ್ನಿಗೂ ಕೈ ಹಾಕಿದರು. ನಿಮಗೂ ನಾನು ಅದೇ ದಾರಿ ಹೇಳುತ್ತಿದ್ದೇನೆ.

ಲೆಕ್ಕ ಹಾಕಿ ನೋಡೋಣ

ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಚೆನ್ನೈನ ಬಿಸಿ ಗಾಳಿಯಲ್ಲಿ 150 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 100 ಕೆಜಿ. ಅದೇ 100ರಲ್ಲಿ ಸುಮಾರು 45 ಕೆಜಿ. 80ರಲ್ಲಿ 28 ಕೆಜಿ ಅಷ್ಟೇ. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಅಂಗಡಿಯವರ ಅರ್ಧ ಮಾತು ನಿಮಗೆ ನೀವೇ ತೂಗಿ ನೋಡಬಹುದು.

ನಿಮ್ಮ ಕಾರಿನ ಎದುರು ಭಾಗ ಸುಮಾರು 1.9 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಇಂಥ ಸೆಡಾನಿನ ಹಿಂದಿನ ಲಿಫ್ಟ್ ಗುಣಾಂಕ (ಎದುರು ಗಾಳಿಯ ಒತ್ತಡದಲ್ಲಿ ಎಷ್ಟು ಪಾಲು ಲಿಫ್ಟ್ ಆಗುತ್ತದೆ ಅನ್ನುವ ಅಂಕಿ) 0.1 ಅಂತ ಹಿಡಿದರೆ 150ರಲ್ಲಿ ಹಿಂದಿನ ಚಕ್ರಗಳ ಮೇಲಿನ ಭಾರ 19 ಕೆಜಿ ಕಡಿಮೆಯಾಗುತ್ತದೆ. ನೀವು ಕೂತಾಗ ಹಿಂದಿನ ಎರಡು ಚಕ್ರದ ಮೇಲೆ ಇರುವುದು ಅಂದಾಜು 400 ಕೆಜಿ. ಅದರಲ್ಲಿ 19 ಅಂದರೆ ನೂರಕ್ಕೆ ಐದು. ಟೈರಿನ ಹಿಡಿತದ ಅಂಚಿನಲ್ಲಿ ತಿರುಗುವಾಗ ಇದು ಗೊತ್ತಾಗುತ್ತದೆ, ನಿಜ. ಆದರೆ ಇಷ್ಟಕ್ಕೇ ಕಾರು ತೇಲಿದ ಹಾಗೆ, ಧೈರ್ಯ ಹೋಗುವ ಹಾಗೆ ಆಗಲ್ಲ. ಬೇರೇನೋ ಜೊತೆ ಸೇರಿದೆ.

ಈಗ ಜಿಟಿ ವಿಂಗ್ ನೋಡೋಣ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಿಂಗಿನ ವಿಸ್ತೀರ್ಣ ಕಾಲು ಚದರ ಮೀಟರ್. ಮೇಲ್ಛಾವಣಿ ದಾಟಿ ಕೆಳಗಿಳಿಯುವ ಗಾಳಿ ಕಲಕಿ ಹೋಗಿರುತ್ತದೆ. ಅಂಥ ಗಾಳಿಯಲ್ಲಿ ಆ ವಿಂಗಿನ ಗುಣಾಂಕ 0.8 ಅಂತ ಉದಾರವಾಗಿಯೇ ಹಿಡಿಯಿರಿ. 150ರಲ್ಲಿ ಅದು ಕೆಳಗೆ ಒತ್ತುವುದು 20 ಕೆಜಿ. 100ರಲ್ಲಿ 9 ಕೆಜಿ. 80ರಲ್ಲಿ 6 ಕೆಜಿಗೂ ಕಡಿಮೆ. ಕರಿ ಸ್ಪೀಡ್‌ವೇ ಎರಡು ಕಿಲೋಮೀಟರ್ ಚಿಲ್ಲರೆಯ ಬಿಗಿ ಟ್ರ್ಯಾಕ್. ಅಲ್ಲಿನ ಬಹುಪಾಲು ತಿರುವುಗಳಲ್ಲಿ ನಿಮ್ಮಂಥ ಕಾರು ಇರುವ ವೇಗಕ್ಕೆ ವಿಂಗ್ ಕೊಡುವುದು ಒಂದು ಸ್ಕೂಲ್ ಬ್ಯಾಗಿನ ಭಾರ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕ್ 3.7 ಕಿ.ಮೀ. ಉದ್ದ. ಅಲ್ಲಿ ಮುಖ್ಯ ನೇರ ದಾರಿ ಮುಗಿದ ಮೇಲಿನ ಮೊದಲ ತಿರುವು ವೇಗದ್ದು, ಅಲ್ಲಿ ಮಾತ್ರ ಗಾಳಿಯ ಆಟ ಕಾಣುತ್ತದೆ. ನಿಮಗೆ ತೇಲಿದ ಅನುಭವ ಚೆನ್ನೈನಲ್ಲಿ ಆಗಿ ಕರಿಯಲ್ಲಿ ಆಗದೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಆ 20 ಕೆಜಿಗೆ ನೀವು ಇನ್ನೊಂದು ಬೆಲೆಯನ್ನೂ ಕೊಡಬೇಕು. ಇದನ್ನು ಅಂಗಡಿಯವರು ಯಾರೂ ಹೇಳಲ್ಲ. ವಿಂಗ್ ಕೂರುವುದು ಹಿಂದಿನ ಚಕ್ರಕ್ಕಿಂತ ಹಿಂದೆ, ಸುಮಾರು 90 ಸೆಂಟಿಮೀಟರ್ ಆಚೆ. ನಿಮ್ಮ ಸಿಟಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2.5 ಮೀಟರ್. ಮಕ್ಕಳ ಏತಪಾತ ನೋಡಿದ್ದೀರಲ್ಲ? ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. 20 ಕೆಜಿ ಒತ್ತಿದಾಗ ಹಿಂದಿನ ಚಕ್ರಗಳಿಗೆ 27 ಕೆಜಿ ಸೇರುತ್ತದೆ, ಮುಂದಿನ ಚಕ್ರಗಳಿಂದ 7 ಕೆಜಿ ಹೋಗುತ್ತದೆ. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು. ತಿರುಗಿಸುವುದೂ ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಪಾಲೂ ಮುಂದಿನದು. ಬರೀ ಹಿಂದೆ ವಿಂಗ್ ಹಾಕಿದರೆ ನೇರದಲ್ಲಿ ಕಾರು ಗಟ್ಟಿ ನಿಂತ ಹಾಗೆ ಅನ್ನಿಸುತ್ತದೆ, ಖುಷಿಯಾಗುತ್ತದೆ. ವೇಗದ ತಿರುವಿಗೆ ಸ್ಟೀರಿಂಗ್ ತಿರುಗಿಸಿದಾಗ ಮೂತಿ ಹೊರಗೆ ಹೋಗುತ್ತದೆ, ಇದನ್ನೇ ಅಂಡರ್‌ಸ್ಟೀರ್ ಅನ್ನುವುದು. ನಾನು 20 ವರ್ಷಕ್ಕೂ ಮೇಲೆ ರೇಸ್ ಕಾರುಗಳ ಸಸ್ಪೆನ್ಷನ್ ಮತ್ತು ಬಾಡಿ ಕೆಲಸ ಮಾಡಿಕೊಂಡು ಬಂದಿದ್ದೇನೆ. ವಿಂಗ್ ಹಾಕಿಸಿದ ಮೇಲೆ ಅಂಡರ್‌ಸ್ಟೀರ್ ಜಾಸ್ತಿಯಾಯಿತು ಅಂತ ಬಂದವರು ಒಬ್ಬಿಬ್ಬರಲ್ಲ.

ಅಕ್ಕಿ ಮೂಟೆ ಯಾಕೆ ಬೇಡ

ನಿಮ್ಮ ಗೆಳೆಯರ ಸಲಹೆ ಕೇಳಲು ಸರಿ ಅನ್ನಿಸುತ್ತದೆ. 25 ಕೆಜಿ ಬೇಕು ತಾನೇ, ಮೂಟೆಯೂ 25 ಕೆಜಿ. ಆದರೆ ಮೂಟೆಗೂ ಗಾಳಿಗೂ ವ್ಯತ್ಯಾಸ ಇದೆ. ತಿರುವಿನಲ್ಲಿ ಟೈರ್ ಆ ಮೂಟೆಯನ್ನೂ ಎಳೆದು ತಿರುಗಿಸಬೇಕು. ಕೊಟ್ಟ ಹಿಡಿತವನ್ನು ಮೂಟೆಯೇ ತಿಂದುಬಿಡುತ್ತದೆ. ಅದರ ಮೇಲೆ, ಟೈರಿಗೆ ಭಾರ ಏರಿದಷ್ಟೂ ಹಿಡಿತ ಅದೇ ಪ್ರಮಾಣದಲ್ಲಿ ಏರಲ್ಲ, ಸ್ವಲ್ಪ ಕಡಿಮೆಯೇ ಏರುತ್ತದೆ. ಮೂಟೆ ಕಾರಿನ ತುದಿಯಲ್ಲಿ ಇರುವುದರಿಂದ ಹಿಂಭಾಗ ಒಮ್ಮೆ ಜಾರಲು ಶುರುವಾದರೆ ನಿಲ್ಲಿಸುವುದು ಇನ್ನೂ ಕಷ್ಟ. ಗಾಳಿ ಒತ್ತುವ ಭಾರಕ್ಕೆ ತೂಕ ಇಲ್ಲ. ಟೈರನ್ನು ನೆಲಕ್ಕೆ ಒತ್ತುತ್ತದೆ, ತಿರುಗಿಸಲು ಹೆಚ್ಚಿನ ಹೊರೆ ಕೊಡಲ್ಲ. ಗಾಳಿಯ ಈ ಒತ್ತು, ಅಂದರೆ ಡೌನ್‌ಫೋರ್ಸಿಗಾಗಿ ರೇಸಿನವರು ಅಷ್ಟು ಒದ್ದಾಡುವುದು ಇದಕ್ಕೇ. ಟ್ರ್ಯಾಕಿಗೆ ಹೋಗುವಾಗ ಡಿಕ್ಕಿ ಖಾಲಿ ಇರಲಿ. ಸ್ಟೆಪ್ನಿ, ಜಾಕ್ ಕೂಡ ಪಿಟ್‌ನಲ್ಲಿ ಇಳಿಸಿ.

ತೇಲುವುದಕ್ಕೆ ನಿಜವಾದ ಕಾರಣಗಳು

ಸ್ಪ್ರಿಂಗ್ ಬಫರ್‌ನಿಂದ ಶುರು ಮಾಡೋಣ. ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಇದು. ಹಂಪ್ಸಿಗೆ ತಾಗುವುದು ನಿಲ್ಲುತ್ತದೆ, ನಮ್ಮೂರ ರಸ್ತೆಗೆ ಜನ ಯಾಕೆ ಹಾಕಿಸುತ್ತಾರೆ ಅಂತ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಅದು ಸ್ಪ್ರಿಂಗಿನ ಒಂದೆರಡು ಸುರುಳಿಯನ್ನು ಕೆಲಸ ಮಾಡದ ಹಾಗೆ ಹಿಡಿದಿಡುತ್ತದೆ. ಉಳಿದದ್ದು ಗಡುಸಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಗಡುಸಾದ ಸ್ಪ್ರಿಂಗನ್ನು ಸವೆದ ಶಾಕ್ ಹಿಡಿಯಲಾರದು. ಟ್ರ್ಯಾಕಿನ ಸಣ್ಣ ಏರಿಳಿತಕ್ಕೂ ಹಿಂದಿನ ಟೈರ್ ನೆಲದ ಮೇಲೆ ಕುಪ್ಪಳಿಸುತ್ತದೆ. ಕುಪ್ಪಳಿಸುವ ಟೈರ್ ಚಾಲಕನಿಗೆ ತೇಲಿದ ಹಾಗೇ ಅನ್ನಿಸುತ್ತದೆ. ಜೊತೆಗೆ ಹಿಂಭಾಗ ಎತ್ತರವಾಗಿ ಮೂತಿ ತಗ್ಗಿರುತ್ತದೆ, ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಇನ್ನೂ ಹಗುರ. ಬಫರ್ ತೆಗೆಸಿ. ಹಿಂದಿನ ಶಾಕ್ ಎರಡೂ ಬದಲಿಸಿ. ಹಂಪ್ಸಿಗೆ ತಾಗುವುದು ಕುಸಿದ ಸ್ಪ್ರಿಂಗಿನಿಂದ ಇರಬಹುದು, ಹಾಗಿದ್ದರೆ ಹೊಸ ಸ್ಪ್ರಿಂಗೇ ಅದಕ್ಕೆ ಔಷಧ.

ಆಮೇಲೆ ಬುಷ್‌ಗಳು, ಅಂದರೆ ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್. 2001ರ ಕಾರಿನಲ್ಲಿ ಮೂಲ ರಬ್ಬರ್ ಬುಷ್ ಇನ್ನೂ ಇದ್ದರೆ ಅವು ರಬ್ಬರ್ ಅನ್ನಿಸಿಕೊಳ್ಳುವ ಸ್ಥಿತಿಯಲ್ಲಿ ಇರಲ್ಲ. ಹಿಂದಿನ ಬುಷ್ ಸಡಿಲವಾದರೆ ಚಕ್ರ ತನ್ನಷ್ಟಕ್ಕೆ ಒಂಚೂರು ತಿರುಗುತ್ತದೆ. ನೇರ ದಾರಿಯಲ್ಲೂ ಹಿಂಭಾಗ ಆಚೀಚೆ ಅಲೆಯುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗ ಮುಂದಿನದಷ್ಟೇ ನೋಡಿ ಕಳಿಸುವುದು ನಮ್ಮಲ್ಲಿ ಮಾಮೂಲು. ಹಿಂದಿನ ಟೋ (ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಎಷ್ಟಿದೆ ಅಂತ ಕೇಳಿ ಪ್ರಿಂಟ್ ತೆಗೆದುಕೊಳ್ಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗುಂಡಿ (ಟ್ರೆಡ್) ಸವೆದಿಲ್ಲ, ಚೆನ್ನಾಗಿದೆ ಅಂತ ಆರು ವರ್ಷ ದಾಟಿದ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ.

ಈಗ ಆ ಒಡೆದು ಹೋದ ಕವರ್. ನನಗೆ ಬಹಳ ಮುಖ್ಯ ಅನ್ನಿಸುವ ಭಾಗ ಇದು. ಬಹಳಷ್ಟು ಹಳೆ ಕಾರುಗಳಲ್ಲಿ ಈ ಕವರ್ ಇರುವುದೇ ಇಲ್ಲ. ಹಂಪ್ಸಿಗೆ ಬಡಿದು ಒಡೆಯುತ್ತದೆ, ಗ್ಯಾರೇಜಿನಲ್ಲಿ ತಂತಿ ಕಟ್ಟುತ್ತಾರೆ, ಮುಂದಿನ ಆಯಿಲ್ ಚೇಂಜಿಗೆ ಕಿತ್ತು ಮೂಲೆಗೆ ಎಸೆಯುತ್ತಾರೆ. ಬರೀ ಕೆಸರು ತಡೆಯುವ ಪ್ಲಾಸ್ಟಿಕ್ ಅಂತ ಎಲ್ಲರ ನಂಬಿಕೆ. ಅದು ನಿಮ್ಮ ಕಾರಿಗೆ ಕಂಪನಿಯೇ ಕೊಟ್ಟ ಏರೋಡೈನಾಮಿಕ್ ಭಾಗ.

ಕವರ್ ಇಲ್ಲದಿದ್ದರೆ ಬಂಪರ್ ಕೆಳಗಿನಿಂದ ನುಗ್ಗುವ ಗಾಳಿ ನೇರ ಇಂಜಿನ್ ಕೋಣೆಗೆ ಏರುತ್ತದೆ. ಅಲ್ಲಿ ಒತ್ತಡ ಹೆಚ್ಚುತ್ತದೆ. ಆ ಒತ್ತಡ ಬಾನೆಟ್ಟನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ, ಅಂದರೆ ಲಿಫ್ಟ್. ರೇಡಿಯೇಟರಿನ ಕಥೆಯೂ ಇದೇ. ರೇಡಿಯೇಟರಿನ ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ ಇದ್ದರೆ ಮಾತ್ರ ಗಾಳಿ ಅದರ ಒಳಗಿಂದ ಹರಿಯುತ್ತದೆ. ಹಿಂದೆಯೂ ಒತ್ತಡ ತುಂಬಿಕೊಂಡರೆ ಗಾಳಿ ಯಾಕೆ ಹರಿಯಬೇಕು ಹೇಳಿ? ಮೂರು ಲ್ಯಾಪಿಗೆ ಮುಳ್ಳು ಏರುವುದಕ್ಕೆ ಇದೇ ಕಾರಣ ಇರುವ ಸಾಧ್ಯತೆ ದೊಡ್ಡದು. ಥರ್ಮೋಸ್ಟಾಟ್, ಫ್ಯಾನ್, ಕೂಲಂಟ್, ರೇಡಿಯೇಟರ್ ಒಳಗೆ ಕಟ್ಟಿದ ಕೆಸರು ಇವನ್ನೂ ನೋಡಿಸಿ. ಆದರೆ ಕವರ್ ಮೊದಲು.

ಹೊಸ ಕವರ್ ಸಿಗದಿದ್ದರೆ 2 ಮಿಲಿಮೀಟರ್ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿಸಬಹುದು. ಬಂಪರಿನ ತುದಿಯಿಂದ ಶುರುವಾಗಿ ಮುಂದಿನ ಕ್ರಾಸ್ ಮೆಂಬರ್ (ಕಾರಿನ ಅಡಿಯ ಅಡ್ಡ ತೊಲೆ) ತನಕ ಬಂದರೆ ಸಾಕು. ಆಯಿಲ್ ಡ್ರೇನ್ ಬೋಲ್ಟಿಗೆ ಒಂದು ಕಿಂಡಿ ಬಿಡಿಸಿ, ಇಲ್ಲದಿದ್ದರೆ ಮುಂದಿನ ಸರ್ವೀಸಿಗೆ ಅದೂ ಮೂಲೆ ಸೇರುತ್ತದೆ. ಎಕ್ಸಾಸ್ಟ್ ಪೈಪಿನಿಂದ ದೂರ ಇರಲಿ. ಕೆಲವರು ಪ್ಲೈವುಡ್ ಹಾಕುತ್ತಾರೆ. ಆಯಿಲ್ ತೊಟ್ಟಿಕ್ಕುವ ಹಳೆ ಇಂಜಿನ್, ಪಕ್ಕದಲ್ಲಿ ಕೆಂಪಗೆ ಕಾದ ಎಕ್ಸಾಸ್ಟ್, ಕೆಳಗೆ ಮರ. ದಯವಿಟ್ಟು ಬೇಡ. ಚಕ್ರದ ಮೇಲಿನ ಫೆಂಡರ್ ಲೈನರ್ ಇದೆಯಾ ನೋಡಿ, ಅದೂ ಇದೇ ಕೆಲಸ ಮಾಡುತ್ತದೆ. ಬಂಪರಿಗೂ ರೇಡಿಯೇಟರಿಗೂ ನಡುವಿನ ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಿದರೆ ಬಂದ ಗಾಳಿ ಪಕ್ಕಕ್ಕೆ ತಪ್ಪಿಸಿಕೊಳ್ಳಲ್ಲ. ಇದಕ್ಕೆ ಖರ್ಚು ಬಹಳ ಕಡಿಮೆ.

ಬಾನೆಟ್ಟಿಗೆ ವಾಷರ್ ಕೊಡುವ ಸಲಹೆ ಬೇಡ. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಗಾಳಿ ಆ ಸಂದಿನಿಂದ ಏಳುವುದು ನಿಜ, ನೋಡಿದವರಿಗೆ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಆದರೆ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬಡಿದು ನಿಲ್ಲುತ್ತದೆ, ಒತ್ತಡ ಅಲ್ಲಿ ಜಾಸ್ತಿ. ಕಾರಿನೊಳಗೆ ಬರುವ ಗಾಳಿಯನ್ನು ಕಂಪನಿಗಳು ಅಲ್ಲಿಂದಲೇ ತೆಗೆದುಕೊಳ್ಳುವುದು ಇದಕ್ಕೇ ಅಲ್ವಾ? ಸಂದು ಬಿಟ್ಟರೆ ಗಾಳಿ ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ. ಬಿಸಿ ಹೊರಹಾಕುವ ಕಿಂಡಿ ಬೇಕೇ ಬೇಕಿದ್ದರೆ ಅದರ ಜಾಗ ಬಾನೆಟ್ಟಿನ ಮುಂದಿನ ಭಾಗ, ರೇಡಿಯೇಟರಿನ ಸ್ವಲ್ಪ ಹಿಂದೆ. ಅಲ್ಲಿ ಮೇಲಿನ ಒತ್ತಡ ಕಡಿಮೆ.

ಇಷ್ಟಾದ ಮೇಲೆ ಏನು ಹಾಕಬಹುದು

ಇವೆಲ್ಲಾ ಸರಿ ಮಾಡಿ ಒಂದು ಟ್ರ್ಯಾಕ್ ಡೇ ಓಡಿಸಿ. ಆಗ ಕಾರು ನಿಮಗೆ ಏನು ಹೇಳುತ್ತದೆ ಕೇಳಿಸಿಕೊಳ್ಳಿ. ನಿಧಾನದ ತಿರುವಿನಲ್ಲೂ ಜಾರುತ್ತದೆ ಅಂದರೆ ಅದಕ್ಕೆ ಗಾಳಿ ಕಾರಣ ಅಲ್ಲ, ಟೈರು ಮತ್ತು ಸಸ್ಪೆನ್ಷನ್ ನೋಡಬೇಕು. ನಿಧಾನದಲ್ಲಿ ಚೆನ್ನಾಗಿದ್ದು ವೇಗದ ತಿರುವಿನಲ್ಲಿ ಮಾತ್ರ ಹಿಂಭಾಗ ಹಗುರ ಅಂದರೆ ಆಗ ಗಾಳಿಯ ಕಡೆ ತಿರುಗೋಣ.

ನಿಮ್ಮ ಬಳಕೆಗೆ ನಾನು ಆರಿಸುವುದು ಡಿಕ್ಕಿ ತುದಿಗೆ ಚಿಕ್ಕ ಲಿಪ್ ಮತ್ತು ಮುಂದೆ ರಬ್ಬರ್ ಏರ್ ಡ್ಯಾಮ್. ಎರಡೂ ಒಟ್ಟಿಗೆ. ಒಂದನ್ನು ಬಿಟ್ಟು ಇನ್ನೊಂದು ಬೇಡ.

ಡಿಕ್ಕಿ ಲಿಪ್ 30–40 ಮಿಲಿಮೀಟರ್ ಎತ್ತರ ಇದ್ದರೆ ಸಾಕು. ಗಾಳಿ ಡಿಕ್ಕಿಯ ದುಂಡು ತುದಿಯನ್ನು ತಬ್ಬಿ ಕೆಳಗಿಳಿಯುವುದನ್ನು ಅದು ತಡೆಯುತ್ತದೆ. ಡಿಕ್ಕಿಯ ಮೇಲೆ ಒತ್ತಡ ಸ್ವಲ್ಪ ಏರಿ ಲಿಫ್ಟ್ ಇಳಿಯುತ್ತದೆ. ಪೋರ್ಶೆ 1972ರಲ್ಲಿ 911 ಕಾರೆರಾ ಆರ್‌ಎಸ್‌ಗೆ ಹಾಕಿದ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಇದೇ ಕೆಲಸಕ್ಕೆ ಬಂದದ್ದು. ನೋಡಿದರೆ ಏನೂ ಇಲ್ಲ, ಒಂದು ಅಂಚು ಎತ್ತಿದ್ದಾರೆ ಅಷ್ಟೇ. ಅಮೆರಿಕದ ರೇಸ್ ಚಾಲಕ ಡಾನ್ ಗರ್ನಿ 1971ರಲ್ಲಿ ರೆಕ್ಕೆಯ ಹಿಂದಿನ ತುದಿಗೆ ಒಂದು ಸಣ್ಣ ಪಟ್ಟಿ ನಿಲ್ಲಿಸಿದರು. ಇವತ್ತಿಗೂ ರೇಸ್ ಕಾರುಗಳಲ್ಲಿ ಅದು ಅವರ ಹೆಸರಲ್ಲೇ ಇದೆ. ಗಾಳಿಯ ವಿಷಯದಲ್ಲಿ ತುದಿಯ ಅಂಚು ಅಷ್ಟು ಮುಖ್ಯ. ಲಿಪ್ ಅನ್ನು ಒಳ್ಳೆ ಡಬಲ್ ಟೇಪ್‌ನಲ್ಲಿ ಅಂಟಿಸಬಹುದು. ಬಣ್ಣ ಗಟ್ಟಿಯಾಗಿರಬೇಕು. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಡಿಕ್ಕಿಯಾದರೆ ಟೇಪಿನ ಜೊತೆ ಪುಟ್ಟಿಯೂ ಎದ್ದು ಬರುತ್ತದೆ.

ಮುಂದಿನ ಏರ್ ಡ್ಯಾಮ್‌ಗೆ ಕನ್ವೇಯರ್ ಬೆಲ್ಟಿನ ರಬ್ಬರ್ ಒಳ್ಳೆಯದು. ಜೆ.ಸಿ. ರೋಡಿನಲ್ಲಿ ಲಾರಿ ಮಡ್ ಫ್ಲ್ಯಾಪಿಗೆ ಅಂತ ಕೇಳಿ. ಬಂಪರಿನ ಕೆಳ ಅಂಚಿನಿಂದ 40–50 ಮಿಲಿಮೀಟರ್ ಕೆಳಗೆ ಇಳಿದರೆ ಸಾಕು. ಕಾರಿನ ಅಡಿಗೆ ನುಗ್ಗುವ ಗಾಳಿ ಕಡಿಮೆಯಾಗುತ್ತದೆ, ಹಿಂದಿನ ಒತ್ತಡ ಇಳಿಯುತ್ತದೆ, ಮೂತಿ ನೆಲಕ್ಕೆ ಕೂರುತ್ತದೆ. ರೇಡಿಯೇಟರ್ ಇನ್ನೂ ತಣ್ಣಗಿರುತ್ತದೆ. ಹಂಪ್ಸಿಗೆ ತಾಗಿದರೆ ಮಡಚಿ ಮತ್ತೆ ನಿಲ್ಲುತ್ತದೆ. ಫಾಗ್ ಲ್ಯಾಂಪ್ ಜಾಗ ಖಾಲಿ ಇದ್ದರೆ ಅಲ್ಲಿಂದ ಮೂರು ಇಂಚಿನ ಹೋಸ್ ಎಳೆದು ಮುಂದಿನ ಬ್ರೇಕಿಗೆ ಗಾಳಿ ಕೊಡಿ. ಟ್ರ್ಯಾಕಿನಲ್ಲಿ ನಿಮ್ಮನ್ನು ಕಾಪಾಡುವುದರಲ್ಲಿ ಅದರ ಪಾಲು ವಿಂಗಿಗಿಂತ ದೊಡ್ಡದು.

ಗಟ್ಟಿ ಸ್ಪ್ಲಿಟರ್ ಬೇರೆ ಮಾತು. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ನೆಲಕ್ಕೆ ಹತ್ತಿರ ಇದ್ದಷ್ಟೂ ಅದರ ಬಲ, ಬೆಂಗಳೂರಿನ ಹಂಪ್ಸ್‌ಗಳ ನಡುವೆ ಅದು ಒಂದು ವಾರ ಬಾಳಲ್ಲ. ನಾಮಫಲಕಕ್ಕೆ ಬಳಸುವ ಎಸಿಪಿ ಶೀಟಿನಲ್ಲಿ ಮಾಡಿ ಬಂಪರಿನ ಪ್ಲಾಸ್ಟಿಕ್ಕಿಗೆ ಸ್ಕ್ರೂ ಹೊಡೆದ ಸ್ಪ್ಲಿಟರ್‌ಗಳನ್ನು ನೋಡಿದ್ದೇನೆ. ಒಮ್ಮೆ ಟ್ರ್ಯಾಕಿನಲ್ಲಿ ನನ್ನ ಕಣ್ಣೆದುರೇ ಅಂಥ ಒಂದು ಸ್ಪ್ಲಿಟರ್ ಟ್ರ್ಯಾಕ್ ಅಂಚಿನ ಕರ್ಬ್ ತಾಗಿ ಮಡಚಿ ಮುಂದಿನ ಚಕ್ರದ ಕೆಳಗೆ ಹೋಯಿತು. ಕಾರು ನೇರ ಮರಳಿಗೆ ಹೋಗಿ ನಿಂತಿತು. ಚಾಲಕನಿಗೆ ಏನೂ ಆಗಲಿಲ್ಲ, ಆದರೆ ನನ್ನ ಎದೆ ಬಡಿತ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಸ್ಪ್ಲಿಟರ್ ಹಾಕುವುದೇ ಆದರೆ ಒಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯಬೇಕು, ಅದರ ಮೇಲೆ ಒಬ್ಬ ಮನುಷ್ಯ ನಿಂತರೂ ಬಾಗಬಾರದು. ಟ್ರ್ಯಾಕಿನಲ್ಲಿ ಹಾಕಿ, ಮನೆಗೆ ಹೊರಡುವ ಮೊದಲು ಬಿಚ್ಚಬೇಕು.

ವಿಂಗಿಗೂ ಇದೇ ಮಾತು. 1969ರ ಸ್ಪೇನ್ ಗ್ರ್ಯಾನ್ ಪ್ರಿ ಬಾರ್ಸಿಲೋನಾದ ಮೋಂಟ್‌ಜುಯಿಕ್‌ನಲ್ಲಿ ನಡೆಯಿತು. ಎತ್ತರದ ಕಂಬಗಳ ಮೇಲೆ ನಿಂತ ವಿಂಗ್ ಮುರಿದು ಲೋಟಸ್ ತಂಡದ ಗ್ರಹಾಂ ಹಿಲ್ ಮತ್ತು ಯೋಹೆನ್ ರಿಂಟ್ ಇಬ್ಬರೂ ಒಂದೇ ರೇಸಿನಲ್ಲಿ ಅಪಘಾತಕ್ಕೆ ಸಿಕ್ಕರು. ಅದರ ನಂತರದ ಮೊನಾಕೊ ರೇಸಿನಲ್ಲೇ ಅಂಥ ವಿಂಗ್‌ಗಳನ್ನು ನಿಷೇಧಿಸಿದರು. ಜಗತ್ತಿನ ಅತ್ಯುತ್ತಮ ತಂಡಕ್ಕೇ ಹಾಗಾಯಿತು. ನಿಮ್ಮ ಡಿಕ್ಕಿ ಬಾಗಿಲು ತೆಳ್ಳಗಿನ ತಗಡು. ನಾಲ್ಕು ಸ್ಕ್ರೂ ಹೊಡೆದರೆ 20 ಕೆಜಿ ಒತ್ತಡ, ಜೊತೆಗೆ ಸಾವಿರಾರು ಹಂಪ್ಸಿನ ಕುಲುಕಾಟಕ್ಕೆ ಸ್ಕ್ರೂ ಸುತ್ತ ತಗಡು ಬಿರುಕು ಬಿಡುತ್ತದೆ. ಹೆದ್ದಾರಿಯಲ್ಲಿ ಅದು ಕಿತ್ತು ಹಾರಿದರೆ ಹಿಂದೆ ಬರುವವನು ಬೈಕಿನಲ್ಲಿ ಇರಬಹುದು. ವಿಂಗ್ ಹಾಕುವ ಹಂತಕ್ಕೆ ನೀವು ಬಂದರೆ ಡಿಕ್ಕಿಯ ಒಳಗಡೆ ಅಗಲವಾದ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿಸಿ, ಆಗಾಗ ಬಿರುಕು ಹುಡುಕಿ. 150ರಲ್ಲಿ ಅದು ಎಳೆಯುವ ಡ್ರ್ಯಾಗಿಗೆ (ಹಿಂದಕ್ಕೆ ಹಿಡಿಯುವ ಗಾಳಿಯ ತಡೆ) ನಿಮ್ಮ 106 ಎಚ್‌ಪಿಯಲ್ಲಿ ಸುಮಾರು 3 ಹೋಗುತ್ತದೆ. ಅದು ದೊಡ್ಡದಲ್ಲ. ಮುಂದೆ ಸಮಕ್ಕೆ ಏನೂ ಇಲ್ಲದೆ ಹಿಂದೆ ಮಾತ್ರ ಹಾಕುವುದು ದೊಡ್ಡ ತಪ್ಪು.

ಡಿಫ್ಯೂಸರ್ ಬಿಡಿ. ಅದರ ಮುಂದೆ ನಯವಾದ ನೆಲ ಬೇಕು. ನಿಮ್ಮ ಕಾರಿನ ಹಿಂದೆ ಇರುವುದು ಸೈಲೆನ್ಸರ್ ಮತ್ತು ಸ್ಟೆಪ್ನಿ ಗುಂಡಿ. ಬಂಪರಿಗೆ ಅಂಟಿಸಿದ ಪ್ಲಾಸ್ಟಿಕ್ ಡಿಫ್ಯೂಸರ್ ಬರೀ ಅಲಂಕಾರ. ಮೇಲ್ಛಾವಣಿಗೆ ಅಂಟಿಸುವ ಶಾರ್ಕ್ ಹಲ್ಲಿನಂಥ ವೋರ್ಟೆಕ್ಸ್ ಜನರೇಟರ್ (ಗಾಳಿಯಲ್ಲಿ ಸಣ್ಣ ಸುಳಿ ಎಬ್ಬಿಸುವ ತುಂಡು) ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಎಷ್ಟು? ಮಿತ್ಸುಬಿಷಿಯವರು ಲ್ಯಾನ್ಸರ್ ಇವೋ ಮೇಲೆ ಅಳೆದಾಗ ಡ್ರ್ಯಾಗ್ ಮತ್ತು ಲಿಫ್ಟ್ ಗುಣಾಂಕ ಎರಡೂ 0.006ರಷ್ಟು ಇಳಿದವು. ಅದೂ ಎತ್ತರ, ಜಾಗ ಎಲ್ಲಾ ಲೆಕ್ಕ ಹಾಕಿ ಕೂರಿಸಿದ ಮೇಲೆ. ನಿಮ್ಮ ಸೀಟಿನಲ್ಲಿ ಕೂತು ಅದನ್ನು ಗುರುತಿಸಲು ಆಗಲ್ಲ.

ನೀವೇ ಅಳೆಯಬಹುದು

ವಿಂಡ್ ಟನೆಲ್ ಬೇಕಿಲ್ಲ. ಉಲ್ಲನ್ ದಾರವನ್ನು ನಾಲ್ಕು ಇಂಚಿನ ತುಂಡು ಮಾಡಿ ಡಿಕ್ಕಿ ಮತ್ತು ಹಿಂದಿನ ಗಾಜಿನ ಮೇಲೆ ಸಾಲಾಗಿ ಟೇಪ್ ಹಾಕಿ. ಟ್ರ್ಯಾಕಿನಲ್ಲಿ ಗೆಳೆಯರು ಇನ್ನೊಂದು ಕಾರಿನಿಂದ ವಿಡಿಯೊ ಮಾಡಲಿ, ರಸ್ತೆಯಲ್ಲಿ ಈ ಕೆಲಸ ಬೇಡ. ದಾರ ನೇರ ಹಿಂದಕ್ಕೆ ಮಲಗಿದ್ದರೆ ಗಾಳಿ ಮೈಗೆ ಅಂಟಿಕೊಂಡು ಹೋಗುತ್ತಿದೆ. ಸುತ್ತುತ್ತಿದ್ದರೆ, ಮುಂದಕ್ಕೆ ತಿರುಗಿದ್ದರೆ ಅಲ್ಲಿ ಗಾಳಿ ಕಲಕಿದೆ, ಅಂಥ ಕಡೆ ತಗ್ಗಿನ ವಿಂಗ್ ಕೂರಿಸಿ ಪ್ರಯೋಜನ ಇಲ್ಲ.

ಒತ್ತಡ ನೋಡಲು ಗಾರೆಯವರು ಲೆವೆಲ್ ಹಿಡಿಯುವ ಪಾರದರ್ಶಕ ನೀರಿನ ಪೈಪು ಸಾಕು. ಯು ಆಕಾರಕ್ಕೆ ಬಗ್ಗಿಸಿ ಕಾರಿನೊಳಗೆ ಒಂದು ಹಲಗೆಗೆ ಕಟ್ಟಿ. ಒಂದು ತುದಿಗೆ ರೇಡಿಯೇಟರಿನ ಮುಂದಿನಿಂದ, ಇನ್ನೊಂದಕ್ಕೆ ಹಿಂದಿನಿಂದ ಸಣ್ಣ ಪೈಪು ಎಳೆಯಿರಿ. ಪಕ್ಕದಲ್ಲಿ ಕೂತವರು ಓದಲಿ. 100ರಲ್ಲಿ ಎದುರು ಗಾಳಿಯ ಪೂರ್ತಿ ಒತ್ತಡ ಸುಮಾರು ನಾಲ್ಕೂವರೆ ಸೆಂಟಿಮೀಟರ್ ನೀರು, ಆದ್ದರಿಂದ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಕವರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ನೋಡಿ. ಈ ಪರೀಕ್ಷೆಯನ್ನು ಮೊದಲ ಸಲ ಮಾಡಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಇನ್ನೊಂದು, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ಚೆನ್ನೈಗಿಂತ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ತೆಳು. ಇಲ್ಲಿ ಅಳೆದ ಅಂಕಿ ಅಲ್ಲಿಗೆ ಹಾಗೇ ಹೊಂದಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಇದೆ, ಆರು ತಿಂಗಳ ತನಕ ಜೈಲಿಗೂ ಅವಕಾಶ ಇದೆ. ಚೂಪಾದ ಸ್ಪ್ಲಿಟರ್, ದೊಡ್ಡ ವಿಂಗ್ ಹಾಕಿ ರಸ್ತೆಗೆ ಇಳಿದರೆ ಪೊಲೀಸರ ಕಣ್ಣಿಗೆ ಬೀಳುವುದು ಒಂದು, ನಡೆದು ಹೋಗುವವರ ಕಾಲಿಗೆ ತಾಗುವುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ಭಯ. ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ಓದಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಇವಕ್ಕೆ ರಕ್ಷಣೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಆದ ನಷ್ಟ ನಿಮ್ಮ ಜೇಬಿನಿಂದಲೇ.

ಕೊನೆಗೆ ಡಿಕ್ಕಿಗೆ ತೂತು ಹೊಡೆಸುವ ಪ್ರಶ್ನೆ. ನಿಮ್ಮ ತಂದೆಯವರು ಕೊಂಡ ಕಾರಿನ ಮೂಲ ಬಾಗಿಲಿಗೆ ತೂತು ಹೊಡೆಸಬೇಡಿ. ಒಂದು ಸಲ ಹೊಡೆದರೆ ನೀರು ಇಳಿದು ತುಕ್ಕು ಹಿಡಿಯುತ್ತದೆ, ಆ ಬಣ್ಣ ಮತ್ತೆ ಹೊಂದಿಸುವುದೂ ಕಷ್ಟ. ಲಿಪ್‌ಗೆ ಟೇಪ್ ಸಾಕು. ಮುಂದೆ ಯಾವತ್ತಾದರೂ ವಿಂಗ್ ಬೇಕೇ ಬೇಕು ಅನ್ನಿಸಿದರೆ ಶಿವಾಜಿನಗರದ ಗುಜರಿಯಲ್ಲಿ ಇದೇ ಮಾಡೆಲಿನ ಇನ್ನೊಂದು ಡಿಕ್ಕಿ ಬಾಗಿಲು ಹುಡುಕಿ. ವಿಂಗ್ ಅದಕ್ಕೆ ಬಿಗಿಸಿ ಟ್ರ್ಯಾಕಿಗೆ ಮಾತ್ರ ಇಟ್ಟುಕೊಳ್ಳಿ. ಇಬ್ಬರಿದ್ದರೆ ಬಾಗಿಲು ಬದಲಿಸಲು ಅರ್ಧ ಗಂಟೆ ಸಾಕು.